ಎಪ್ಪತ್ತು ಲೀಟರಿನ ಚೀಲ

ಇದನ್ನು ಬರೆಯಲು ಕುಳಿತ ಮೇಲೆ ಮೂರು ಸಲ ಎದ್ದಾಗಿದೆ. ಒಮ್ಮೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ನೋಡಲು, ಇನ್ನೊಮ್ಮೆ ತುಳಸಿಗೆ ನೀರು ಹಾಕಲು. ಮೂರನೆಯ ಸಲ ಯಾಕೆ ಎದ್ದೆನೆಂಬುದು ಎದ್ದ ಮೇಲೆ ಮರೆತುಹೋಯಿತು. ಕುಳಿತಲ್ಲಿ ಕೂಡುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. "ನಿನ್ನ ಕಾಲಾಗ ಚಕ್ರ ಅವ" ಎಂದು ಅವ್ವ ಬಯ್ಯುತ್ತಿದ್ದಳು, ಈಗ ನಮ್ಮವರು ಬಯ್ಯುತ್ತಾರೆ. ಆದರೆ ಈ ಚಕ್ರದ ಕಾಲುಗಳು ಐವತ್ನಾಲ್ಕು ವರ್ಷಗಳಲ್ಲಿ ಎಲ್ಲೆಲ್ಲಿಗೆ ಹೋಗಿ ಬಂದವು ಎಂದು ನೀವು ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ದಿಲ್‌ಸುಖ್‌ನಗರದ ಮನೆಯಿಂದ ಆಫೀಸು, ಆಫೀಸಿನಿಂದ ಮನೆ, ವರ್ಷಕ್ಕೆರಡು ಸಲ ಸಿಕಂದರಾಬಾದಿನಲ್ಲಿ ರೈಲು ಹತ್ತಿ ಕಲಬುರಗಿ. ಆ ರೈಲಿನಲ್ಲೂ ಎಡಕ್ಕೆ ಮನೆಯವರು, ಬಲಕ್ಕೆ ಮನೆಯವರು. ಮನೆಯವರು ಯಾರೂ ಜೊತೆಗಿಲ್ಲದೆ ನಾನು ಒಂದೇ ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ. ನಾನು ಓಡಾಡಿದ್ದೆಲ್ಲ ಮನೆಯೊಳಗೇ.

ಹೀಗಿರುವಾಗ ನಮ್ಮ ಮನೆಗೆ ಒಂದು ಚೀಲ ಬಂತು. ಈಗ ನಾನು ಬರೆಯುತ್ತಿರುವ ಮೇಜಿನ ಎದುರಿಗೆ ಮೊಳೆಗೆ ನೇತುಹಾಕಿದೆ, ಪಾಚಿ ಹಸಿರು ಬಣ್ಣದ್ದು. ಅದನ್ನು ನೋಡಿದಾಗಲೆಲ್ಲ ಬರೆಯುವುದು ಬಿಟ್ಟು ಎದ್ದು ಬಿಡುತ್ತೇನೆ. ಬೇರೆ ಕಡೆ ನೇತುಹಾಕಬಹುದಿತ್ತು. ಹಾಕಿಲ್ಲ.

ಇದಕ್ಕೆಲ್ಲ ಮೂಲ ಪದ್ಮಜ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು, ತೆಲುಗಿನವಳು, ಇಪ್ಪತ್ತು ವರ್ಷದಿಂದ ನನ್ನ ಡಬ್ಬಿಯ ಚಟ್ನಿಪುಡಿಗೆ ಪಾಲುದಾರಳು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಆಫೀಸಿನ ಆರು ಜನ ಹೆಂಗಸರು ಸೇರಿ ಅನಂತಗಿರಿ ಗುಡ್ಡಕ್ಕೆ ಹೋಗೋಣ ಎಂದಳು. ವಿಕಾರಾಬಾದಿನಲ್ಲಿ ರೈಲು ಇಳಿಯುವುದು, ಕಾಡಿನಲ್ಲಿ ನಡೆಯುವುದು, ಎರಡು ರಾತ್ರಿ ಡೇರೆಯಲ್ಲಿ ಮಲಗುವುದು. ಗಂಡಂದಿರಿಲ್ಲ, ಮಕ್ಕಳಿಲ್ಲ. ಒಂದೇ ಒಂದು ಕರಾರು: "ಎವರಿ ಬ್ಯಾಗು ವಾಳ್ಳೇ ಮೊಯ್ಯಾಲಿ." ಅವರವರ ಚೀಲ ಅವರವರೇ ಹೊರಬೇಕು.

ನಾನು ತುತ್ತು ನುಂಗುವ ಮೊದಲೇ ಹೂಂ ಎಂದೆ. ಅದೇ ಮಧ್ಯಾಹ್ನ ಫೋನಿನಲ್ಲಿ ಚೀಲ ಹುಡುಕಿ, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತರಿಸಿದೆ. ಎರಡು ರಾತ್ರಿಗೆ ಅಷ್ಟು ದೊಡ್ಡದು ಯಾಕೆ ಎಂದು ಕೇಳಬೇಡಿ. ನಾವು ಕಲಬುರಗಿ ಕಡೆಯವರು. ನಾಲ್ಕು ತಾಸಿನ ರೈಲಿಗೂ ನಾಲ್ಕು ದಿನದ ರೊಟ್ಟಿ ಕಟ್ಟಿಕೊಂಡು ಹೊರಡುವ ಜನ.

ಶನಿವಾರ ಚೀಲ ಬಂತು. ಹೊದಿಕೆ ಹರಿದು ನಡುಮನೆಯಲ್ಲಿ ನಿಲ್ಲಿಸಿದರೆ ಅದು ತನ್ನಷ್ಟಕ್ಕೆ ತಾನೇ ನಿಂತಿತು. ಮನೆಗೆ ಬಂದ ನೆಂಟರೊಬ್ಬರು ಕೂಡಿರಿ ಎನ್ನುವುದಕ್ಕೆ ಕಾಯುತ್ತಿರುವ ಹಾಗೆ ಕಾಣುತ್ತಿತ್ತು. ಅತ್ತೆ ತಮ್ಮ ಕುರ್ಚಿಯಿಂದ ಕನ್ನಡಕ ಏರಿಸಿ ನೋಡಿದರು. ಅವರಿಗೆ ಎಂಬತ್ತು ದಾಟಿದೆ. ಇಂಗ್ಲಿಷ್ ಓದಲು ಬರುವುದಿಲ್ಲ, ಮಡಿ ಮೈಲಿಗೆ ಬಿಟ್ಟಿಲ್ಲ, ಕಿವಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು.

"ಎಷ್ಟು ದೊಡ್ಡದು ಅದ ಇದು?"

"ಎಪ್ಪತ್ತು ಲೀಟರ್ ಅಂತ್ರಿ ಅತ್ತ್ಯಾರ."

"ಲೀಟರ್ ಅಂದ್ರ? ಹಾಲು ಹಾಕ್ತಾರೇನು ಇದರಾಗ? ಜ್ವಾಳ ಎಷ್ಟು ಸೇರು ಹಿಡಸ್ತದ, ಅದು ಹೇಳು."

ನನಗೆ ಗೊತ್ತಿರಲಿಲ್ಲ. ಚೀಲಕ್ಕೆ ಕಟ್ಟಿದ್ದ ಅಂಗೈಯಗಲದ ಟ್ಯಾಗಿನಲ್ಲಿ ಬರೆದಿರಬಹುದೆಂದು ಗಟ್ಟಿಯಾಗಿ ಓದಿದೆ: ಹೈಕಿಂಗ್, ಕ್ಯಾಂಪಿಂಗ್, ಹಂಟಿಂಗ್. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಪೇಪರಿನ ಹಿಂದಿನಿಂದ ನಮ್ಮವರು, "ಬ್ಯಾಟಿ ಆಡೋರು ಒಯ್ಯೋ ಚೀಲ ಅವ್ವಾ. ಜಿಂಕಿ ಹೊಡದು ಇದರಾಗ ಹಾಕ್ಕೊಂಡು ಬರ್ತಾರ" ಎಂದುಬಿಟ್ಟರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಇಂಥ ಸೇವೆಗೆ ಪುರುಸೊತ್ತು ಜಾಸ್ತಿ.

"ಬ್ಯಾಟಿ ಚೀಲ! ದೇವರ ಖೋಲಿ ಎದುರಿಗೆ!" ಎಂದು ಅತ್ತೆ ಸೆರಗು ಸರಿಸಿಕೊಂಡರು. "ಹೊರಗ ಇಡು ಮೊದಲ."

ಚೀಲ ಬಾಲ್ಕನಿಗೆ ಹೋಯಿತು, ಚಪ್ಪಲಿ ಗೂಡಿನ ಪಕ್ಕಕ್ಕೆ. ಅದನ್ನು ಹೊತ್ತು ಹೊರಗಿಡುವಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ತೌರಿನಲ್ಲಿಯೂ ಹೀಗೊಂದು ಚೀಲ ಮನೆಯ ಹೊರಗೇ ಬಾಳುವೆ ಮಾಡಿತ್ತು.

ಅಪ್ಪ ಇದೇ ಊರಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಗುರುವಾರಕ್ಕೊಮ್ಮೆ ಹಳೆಯ ಸಾಮಾನುಗಳ ಜುಮ್ಮೇರಾತ್ ಬಜಾರಿಗೆ ಹೋಗಿ, ಉಪಯೋಗಕ್ಕೆ ಬಾರದ ಏನಾದರೊಂದನ್ನು ತರುವುದು ಅವರ ಚಟ. ಒಂದು ಸಲ ಖಾಕಿ ಬಣ್ಣದ ಶಿಕಾರಿ ಚೀಲ ತಂದರು. ಒಳಗೆ ಬಂದೂಕಿನ ತೂಸುಗಳನ್ನು ಸಿಕ್ಕಿಸುವ ಸಣ್ಣ ಸಣ್ಣ ಕುಣಿಕೆಗಳು, ಹೊರಗೆ ಹಕ್ಕಿಗಳನ್ನು ನೇತುಹಾಕುವ ದಾರ. ಅವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು. ಯಾವ ನವಾಬನ ಯಾವ ಕೌಜುಗ ಅದರಲ್ಲಿ ಪ್ರಾಣ ಬಿಟ್ಟಿತ್ತೋ ಎಂಬುದು ಅವಳ ಚಿಂತೆ. ಅಪ್ಪ ನಲ್ಲಿಯ ಕೆಳಗೆ ಏಳು ಸಲ ತೊಳೆದರು. ಆದರೂ ಅದು ಹೊರಗಿನ ಗೂಟ ಬಿಟ್ಟು ಒಳಗೆ ಬರಲಿಲ್ಲ. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು, ಬೇಟೆಗೆ ಹೊರಟವರ ಗತ್ತಿನಲ್ಲಿ ಸಿಕಂದರಾಬಾದಿನ ತರಕಾರಿ ಪೇಟೆಗೆ ಹೋಗಿ ಮೆಂತ್ಯದ ಸೊಪ್ಪು ಹೊಡೆದುಕೊಂಡು ಬರುತ್ತಿದ್ದರು. ಸೊಪ್ಪನ್ನು ಹೊಸ್ತಿಲಾಚೆಯೇ ಮೊರಕ್ಕೆ ಸುರಿಯಬೇಕು, ಮೊರ ಮಾತ್ರ ಒಳಗೆ ಬರಬೇಕು. ಕುಣಿಕೆಗಳಲ್ಲಿ ಹಸಿಮೆಣಸಿನಕಾಯಿ ಒಂದೊಂದಾಗಿ ಸಿಕ್ಕಿಸಿ ತಂದು ನಮ್ಮನ್ನು ನಗಿಸುತ್ತಿದ್ದರು.

ಅಪ್ಪನ ಮಾತು ಬಂದರೆ ವಿಕಾರಾಬಾದಿನ ಸ್ಟೇಷನ್ನು ನೆನಪಾಗುತ್ತದೆ. ಕಲಬುರಗಿಗೆ ಹೋಗುವಾಗ ಅಲ್ಲಿ ಗಾಡಿ ನಿಂತರೆ, ಅಪ್ಪ ನೀರಿನ ಹೂಜಿ ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿಯುತ್ತಿದ್ದರು. ಹೂಜಿ ತುಂಬಿದ ಮೇಲೂ ಹತ್ತುತ್ತಿರಲಿಲ್ಲ. ಕಿಟಕಿಯ ಹತ್ತಿರ ಬಂದು ಗುಡ್ಡದ ಕಡೆ ಕೈ ಮಾಡಿ, "ಸುಧಾ, ಅಲ್ಲಿ ನೋಡು ಅನಂತಗಿರಿ. ನಡಕೋತ ಹೋಗಬೇಕದು. ಮುಂದಿನ ಸಲ ಇಳಿಯೋಣು" ಎನ್ನುತ್ತಿದ್ದರು. ಅವ್ವ ಒಳಗಿನಿಂದ "ಗಾಡಿ ಬಿಡ್ತದರಿ, ಬರ್ರಿ" ಎಂದು ಕೂಗುತ್ತಿದ್ದಳು. ಗಾಡಿ ಬಿಡುತ್ತಿತ್ತು, ಅಪ್ಪ ಹತ್ತುತ್ತಿದ್ದರು, ನಾವು ಡಬ್ಬಿ ಬಿಚ್ಚುತ್ತಿದ್ದೆವು. ಮುಂದಿನ ಸಲವೂ ಅಷ್ಟೇ. ನಾವು ಯಾವತ್ತೂ ಇಳಿಯಲಿಲ್ಲ. ಅಪ್ಪ ಈಗಿಲ್ಲ. ಆ ಶಿಕಾರಿ ಚೀಲ ಎಲ್ಲಿ ಹೋಯಿತೆಂದು ತಮ್ಮನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಚೀಲ ಬಾಲ್ಕನಿಯಲ್ಲಿತ್ತಲ್ಲ, ಅಲ್ಲಿಗೆ ಬರೋಣ. ಫೋನಿನಲ್ಲಿ ಒಂದು ಷರತ್ತು ಇತ್ತು: ಮನಸ್ಸಿಗೆ ಬಾರದಿದ್ದರೆ ಏಳು ದಿನದೊಳಗೆ ಹಿಂದಕ್ಕೆ ಕಳಿಸಬಹುದು, ಆದರೆ ಟ್ಯಾಗು ಕತ್ತರಿಸಿರಬಾರದು. ಏಳನೆಯ ದಿನ ಶುಕ್ರವಾರ. ಅದರ ಮರುದಿನ ಬೆಳಿಗ್ಗೆ ಪದ್ಮಜಳ ತಂಡದ ರೈಲು. ಆದ್ದರಿಂದ ನಾನು ಒಂದು ವಾರ ಈ ಚೀಲದ ಪರೀಕ್ಷೆ ಮಾಡುವುದೆಂದು ನಿಶ್ಚಯಿಸಿದೆ. ಮನೆಯವರಿಗೆಲ್ಲ "ಟ್ಯಾಗು ಕತ್ತರಿಸಬ್ಯಾಡ್ರಿ, ಕತ್ತರಿಸಿದ್ರ ವಾಪಸ್ ತಗೊಳ್ಳಂಗಿಲ್ಲ" ಎಂದು ದಿನಕ್ಕೆ ಎರಡು ಹೊತ್ತು ಹೇಳಿದೆ. ಯಾರೂ ಕತ್ತರಿ ಹಿಡಿದು ನಿಂತಿರಲಿಲ್ಲ, ಆದರೂ ಹೇಳಿದೆ.

ಪರೀಕ್ಷೆ ಎಂದರೆ ಹೀಗೆ. ಆಫೀಸಿನಿಂದ ಬಂದು ಚಹಾ ಕುಡಿದ ಮೇಲೆ, ಹತ್ತು ಕಿಲೋ ಅಕ್ಕಿಯ ಚೀಲವನ್ನು ಹಾಸುಬಟ್ಟೆಯಲ್ಲಿ ಸುತ್ತಿ ಇದರೊಳಗೆ ಇಳಿಸುವುದು, ಸುತ್ತ ಬಟ್ಟೆಬರೆ ತುರುಕುವುದು, ಬೆನ್ನಿಗೆ ಏರಿಸಿ ನಾಲ್ಕು ಅಂತಸ್ತು ಹತ್ತಿ ಇಳಿಯುವುದು. ಆಮೇಲೆ ಎಲ್ಲ ಬಿಚ್ಚಿ, ಅಕ್ಕಿಯನ್ನು ಅಡುಗೆಮನೆಗೆ ಸೇರಿಸುವುದು. ಚೀಲದ ಮಗ್ಗುಲಿಗೆ ಕೆಳಗೊಂದು ಬಟ್ಟಲಿನಂಥ ಜೇಬು, ಮೇಲೊಂದು ಪಟ್ಟಿ ಇತ್ತು. ಏನೆಂದು ನೋಡಿದರೆ ಬಂದೂಕು ನಿಲ್ಲಿಸುವ ಜಾಗವಂತೆ. ನಾನು ಅಲ್ಲಿ ಕೊಡೆ ನಿಲ್ಲಿಸಿದೆ. ಮೊದಲ ದಿನ ಮೆಟ್ಟಿಲಲ್ಲಿ ಎದುರಾದ ಮೂರನೆಯ ಅಂತಸ್ತಿನಾಕೆ, "ಎಕ್ಕಡಿಕಿ ಆಂಟೀ ಪ್ರಯಾಣಂ?" ಎಂದು ಕೇಳಿದಳು. "ಎಲ್ಲಿಗೂ ಇಲ್ಲ" ಎಂದೆ. ಎರಡನೆಯ ದಿನವೂ ಕೇಳಿದಳು, ಎಲ್ಲಿಗೂ ಇಲ್ಲ ಎಂದೆ. ಮೂರನೆಯ ದಿನ ಅವಳು ನನ್ನ ಕೈ ಹಿಡಿದು ದನಿ ತಗ್ಗಿಸಿ, ಮನೆಯಲ್ಲಿ ಎಲ್ಲ ಸರಿ ಇದೆ ತಾನೇ ಎಂದು ವಿಚಾರಿಸಿದಳು. ಮುನಿಸಿಕೊಂಡು ದಿನಾ ಮನೆ ಬಿಟ್ಟು ಹೊರಟು, ದಿನಾ ಗೇಟಿನಿಂದ ವಾಪಸಾಗುತ್ತಿದ್ದೇನೆ ಎಂದು ತಿಳಿದಿದ್ದಳು ಪಾಪ.

ಪರೀಕ್ಷೆಯಲ್ಲಿ ತಪ್ಪುಗಳು ಸಿಕ್ಕವು. ಸಿಗದೆ ಏನು, ನಾನು ಹುಡುಕುತ್ತಿದ್ದುದೇ ಅವನ್ನು. ಜಿಪ್ಪು ಎಳೆದರೆ ಕರ್ ಎನ್ನುತ್ತದೆ. ಹಸಿರು ಬಣ್ಣ ಕಾಡಿನಲ್ಲಿ ಕಾಣಿಸದೆ ಕಳೆದುಹೋಗಬಹುದು. ಸೊಂಟಕ್ಕೆ ಬಿಗಿಯುವ ದಪ್ಪ ಪಟ್ಟಿಯದಂತೂ ದೊಡ್ಡ ರಗಳೆ. ಭಾರವೆಲ್ಲ ಹೆಗಲ ಮೇಲಲ್ಲ, ಸೊಂಟದ ಮೇಲೆ ಕೂಡಬೇಕಂತೆ. ಸೀರೆಯ ಮೇಲೆ ಅದನ್ನು ಬಿಗಿದುಕೊಂಡು ಎರಡು ಅಂತಸ್ತು ಹತ್ತುವಷ್ಟರಲ್ಲಿ ನಿರಿಗೆ ಎಲ್ಲ ಎದ್ದು ಕೈಗೆ ಬಂತು. ಒಳಗೆ ಬಂದು ಇದೂ ಒಂದು ತಪ್ಪು ಎಂದು ಹೇಳಿದೆ. ಅತ್ತೆ ಬತ್ತಿ ಹೊಸೆಯುತ್ತ, ತಲೆ ಎತ್ತದೆ, "ಚೀಲದ ತಪ್ಪು ಏನದ? ಕಚ್ಚಿ ಹಾಕಿ ಉಟ್ಕೋ, ಪಟ್ಟಿ ಬರೋಬ್ಬರಿ ಕೂಡ್ತದ. ಗಂಟು ಹೊತ್ತು ನಡಿಯೋರು ಹಂಗ ಉಡೋದು" ಎಂದರು. ಬೇಟೆಯ ಚೀಲವನ್ನು ಹೊರಗೆ ಹಾಕಿಸಿದವರು ಅದರ ಪರವಾಗಿ ಮಾತಾಡಿದ್ದು ನನಗೆ ಹಿಡಿಸಲಿಲ್ಲ. "ಟ್ರೆಕ್ಕಿಗೆ ಯಾರು ಸೀರಿ ಉಡ್ತಾರ್ರಿ" ಎಂದು ಒಳಗೆ ಹೋದೆ. ಹಾಗಾದರೆ ಸೀರೆಯಲ್ಲಿ ಪರೀಕ್ಷೆ ಮಾಡಿದ್ದು ಯಾಕೆ ಎಂದು ಅವರು ಕೇಳಲಿಲ್ಲ, ಪುಣ್ಯ.

ಬರುತ್ತೀಯೋ ಇಲ್ಲವೋ ಎಂದು ಆಫೀಸಿನಲ್ಲಿ ಪದ್ಮಜ ದಿನವೂ ಕೇಳುತ್ತಿದ್ದಳು: "ವಸ್ತುನ್ನಾವಾ, ಲೇದಾ?" ಬುಧವಾರ ಸಂಜೆ ಮನೆಗೇ ಫೋನು ಮಾಡಿದಳು. ನನ್ನ ಕೈ ಹಿಟ್ಟಾಗಿದ್ದರಿಂದ ಸ್ಪೀಕರಿಗೆ ಹಾಕಿದೆ. ಪೆದ್ದ ಸಂಚಿ ತೆಗೆದುಕೊಂಡೆಯಂತಲ್ಲ, ಹೇಗಿದೆ ಎಂದಳು. ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡದು, ಸಂಚಿ ಎಂದರೆ ಯಾವ ಚೀಲವಾದರೂ ಸರಿ. ನಮ್ಮಲ್ಲಿ ಸಂಚಿ ಎಂದರೆ ಸೊಂಟದಲ್ಲಿ ಸಿಕ್ಕಿಸುವ ಎಲೆಯಡಿಕೆಯದು. ಫೋನು ಇಟ್ಟ ಮೇಲೆ ಅತ್ತೆ, "ಅಷ್ಟು ದೊಡ್ಡ ಸಂಚಿ ಒಯ್ದು ಎಷ್ಟು ಎಲಿ ಹಾಕೋರಿದ್ದೀರಿ ಗುಡ್ಡದಾಗ?" ಎಂದರು. ನಮ್ಮವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಎರಡು ದಿನದಿಂದ ನನಗೆ ಯಾವುದಕ್ಕೂ ನಗು ಬರುತ್ತಿರಲಿಲ್ಲ. ಕುಳಿತರೆ ಏಳಬೇಕು, ಎದ್ದರೆ ಕೂಡಬೇಕು. ಮೆಟ್ರೋದಲ್ಲಿ ನಾನು ಇಳಿಯುವ ಸ್ಟೇಷನ್ನು ದಾಟಿ ಮುಂದೆ ಹೋಗಿ ಹಿಂದೆ ಬಂದೆ. ಹೋಗಬೇಕೆಂದು ಜೀವ ತಹತಹಿಸುತ್ತಿತ್ತು. ಹೋಗುವುದು ಬೇಡವೆನ್ನಲು ಒಂದು ಕಾರಣ ಸಿಕ್ಕರೆ ಸಾಕೆಂದೂ ಅದೇ ಜೀವ ಹುಡುಕಾಡುತ್ತಿತ್ತು.

ಕಾರಣವನ್ನು ನಿಮಗೆ ಹೇಳಿಬಿಡುತ್ತೇನೆ. ನನಗೆ ಹೆದರಿಕೆಯಾಗಿತ್ತು. ಕಾಡಿನದಲ್ಲ, ಹಾವಿನದೂ ಅಲ್ಲ. ಇಷ್ಟು ವರ್ಷ "ಮನೆ ಬಿಟ್ಟು ಹೆಂಗ ಬರ್ಲಿ" ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ನಾನು ಹೋದ ಎರಡು ದಿನ ಮನೆ ಸರಿಯಾಗಿಯೇ ನಡೆದರೆ ಆಮೇಲೆ ಯಾವ ಮಾತು ಹೇಳಲಿ? ಗುಡ್ಡದ ಅರ್ಧದಲ್ಲಿ ಕಾಲು ಸೋತರೆ, ಇಷ್ಟು ದಿನ ಹಾರಾಡಿದ್ದೆಲ್ಲ ಬರೀ ಬಾಯಿಮಾತು ಎಂದಾಗುವುದಿಲ್ಲವೇ?

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಕುಳಿತು ಚೀಲ ವಾಪಸ್ ಕಳಿಸುವ ಗುಂಡಿ ಒತ್ತಿದೆ. ಕಾರಣ ಆರಿಸಿರಿ ಎಂದು ಒಂದು ಪಟ್ಟಿ ಬಂತು. ಬಣ್ಣ ಬೇರೆ, ಹರಿದಿದೆ, ಅಳತೆ ಸರಿಯಿಲ್ಲ. ನನ್ನ ಕಾರಣ ಅದರಲ್ಲಿರಲಿಲ್ಲ, ಅಳತೆ ಸರಿಯಿಲ್ಲ ಎಂಬುದನ್ನು ಒತ್ತಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಯ್ಯಲು ಬರುತ್ತೇವೆ ಎಂದು ಉತ್ತರ ಬಂತು. ಪದ್ಮಜಳಿಗೆ "ಮೋಕಾಲು ನೊಪ್ಪಿ" ಎಂದೆ, ಮೊಣಕಾಲು ನೋವು. ಅವಳು ನನ್ನ ಮುಖ ನೋಡಿ, "ಸರೇ" ಎಂದು ಕಂಪ್ಯೂಟರಿನ ಕಡೆ ತಿರುಗಿದಳು. ಅವತ್ತು ಅವಳು ಚಟ್ನಿಪುಡಿ ಕೇಳಲಿಲ್ಲ. ಸಂಜೆ ಮನೆಯಲ್ಲಿ ನಮ್ಮವರಿಗೆ, ಚೀಲ ನಾಳೆ ವಾಪಸ್ ಹೋಗುತ್ತದೆ, ಏನೇನೋ ತಪ್ಪುಗಳಿವೆ ಎಂದು ಹೇಳಿದೆ. "ಛಲೋ ಆತು ಬಿಡು" ಎಂದರು. ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು.

ಶುಕ್ರವಾರ ಅರ್ಧ ದಿನ ರಜೆ ಹಾಕಿದ್ದೆ. ಒಂಬತ್ತಕ್ಕೆ ಬಾಲ್ಕನಿಗೆ ಹೋದರೆ ಚೀಲ ಇಲ್ಲ. ಚಪ್ಪಲಿ ಗೂಡಿನ ಹಿಂದೆ ನೋಡಿದೆ, ಮಂಚದ ಕೆಳಗೆ ನೋಡಿದೆ. ಕೊನೆಗೆ ಹಿತ್ತಿಲ ಕಡೆಯ ಸಣ್ಣ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿ ಬಿಲ್ಲಿನಂತೆ ಬಗ್ಗಿ ನಿಂತಿರುವುದು ಕಾಣಿಸಿತು. ಅದಕ್ಕೆ ಚೀಲ ತಲೆಕೆಳಗಾಗಿ ನೇತಾಡುತ್ತಿತ್ತು. ಎಪ್ಪತ್ತು ಲೀಟರೂ ನೀರನ್ನೇ ತುಂಬಿಕೊಂಡಿತ್ತೇನೋ ಎನ್ನುವಂತೆ ಸುರಿಯುತ್ತಿತ್ತು. ಸೀಗೆಕಾಯಿಯ ವಾಸನೆ ಹೊಡೆಯುತ್ತಿತ್ತು. ಟ್ಯಾಗು ಇದ್ದ ಜಾಗದಲ್ಲಿ ಎರಡು ಬೆರಳಿನಷ್ಟು ದಾರ ಮಾತ್ರ ಇತ್ತು.

"ಅತ್ತ್ಯಾರ! ಇದೇನ್ರಿ ಮಾಡೀರಿ?"

ಅತ್ತೆ ನೆಲದ ಮೇಲೆ ಕುಳಿತು ಕಾಲು ಒರೆಸಿಕೊಳ್ಳುತ್ತಿದ್ದರು. "ಬ್ಯಾಟಿ ಚೀಲ ಅಂದ್ರಲ್ಲಾ. ಮಡಿ ಮಾಡೀನಿ. ಕೈಲೆ ಹಿಂಡ್ಲಿಕ್ಕೆ ಬರಲಿಲ್ಲ, ಟಬ್ಬಿನ್ಯಾಗ ಹಾಕಿ ಕಾಲಿಲೆ ತುಳದೆ."

"ಟ್ಯಾಗ್ ಎಲ್ಲಿ ಅದರಿ?"

"ಕತ್ತರಿಸಿದೆ."

"ಅದು ಕತ್ತರಿಸಿದ್ರ ವಾಪಸ್ ತಗೊಳ್ಳಂಗಿಲ್ಲರಿ! ನಿಮಗ ಗೊತ್ತಿರಲಿಲ್ಲೇನು?"

"ನನಗ ಓದ್ಲಿಕ್ಕೆ ಬರಂಗಿಲ್ಲ, ಸುಧಾ," ಎಂದರು ಅತ್ತೆ. "ಕೇಳಿಸ್ತದ. ಕತ್ತರಿಸಬ್ಯಾಡ್ರಿ, ಕತ್ತರಿಸಿದ್ರ ವಾಪಸ್ ತಗೊಳ್ಳಂಗಿಲ್ಲ ಅಂತ ಏಳು ದಿನಾ ನೀನ ಹೇಳೀದಿ."

ಚೀಲದಿಂದ ಇಳಿದ ನೀರು ನನ್ನ ಕಾಲ ಬೆರಳಿನ ವರೆಗೆ ಹರಿದು ಬಂತು.

"ಮದುವಿ ಆದ ಮ್ಯಾಲೆ ಪಂಢರಪುರಕ ನಡಕೋತ ಹೋಗಬೇಕಂತ ಭಾಳ ಆಶಾ ಇತ್ತು ನನಗ. ಆಷಾಢದಾಗ ನಡಿಯೋರ ದಿಂಡಿ ನಮ್ಮ ಓಣಿ ಮುಂದಲೇ ಹೋಗ್ತಿತ್ತು. ಆರು ಸಲ ಗಂಟು ಕಟ್ಟಿದ್ದೆ. ಒಮ್ಮೆ ನಿನ್ನ ಗಂಡ ಹೊಟ್ಟ್ಯಾಗ ಇದ್ದ. ಒಮ್ಮೆ ಮಾವನವರಿಗೆ ಜ್ವರ. ಒಮ್ಮೆ ಯಾರೂ ಏನೂ ಅನ್ನಲಿಲ್ಲ, ನನಗ ನಾನ ಕಾರಣ ಹುಡುಕಿದೆ. ಗಂಟು ಕಟ್ಟೋದು, ಬಿಚ್ಚೋದು. ಕಟ್ಟೋದು, ಬಿಚ್ಚೋದು. ಕಡೀಕ ಕಟ್ಟೋದ ಬಿಟ್ಟೆ." ಅತ್ತೆ ಎದ್ದು ನಿಲ್ಲಲು ನನ್ನ ಕೈ ಕೇಳಿದರು. "ಈ ಏಳು ದಿನಾ ನೀ ಆ ಅಕ್ಕಿ ತುಂಬೋದು, ತೆಗಿಯೋದು ನೋಡಿ ನನ್ನ ಕೈ ನೋಯ್ಲಿಕತ್ತಾವ."

ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೇವೆ, ಈ ಆರು ಗಂಟುಗಳ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಕಾಲಿನ ಚಕ್ರದ ಗದ್ದಲದಲ್ಲಿ, ಅದೇ ಕುರ್ಚಿಯಲ್ಲಿ ಕುಳಿತಿರುವ ಇವರಿಗೂ ಕಾಲುಗಳಿವೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಚೀಲ ಒಯ್ಯಲು ಬಂದವನು ಬಾಗಿಲಲ್ಲಿ ನಿಂತು, ಟ್ಯಾಗು ಇದೆಯೇ ಎಂದು ಕೇಳಿದ. ಇಲ್ಲ ಎಂದೆ. "ಟ್ಯಾಗ್ ನೈ ತೋ ವಾಪಸ್ ನೈ ಹೋತಾ ಮೇಡಮ್" ಎಂದ, ನನಗೆ ಬೇಸರವಾದೀತೆಂಬ ದನಿಯಲ್ಲಿ. "ಶುಕ್ರಿಯಾ" ಎಂದೆ. ಯಾಕೆ ಶುಕ್ರಿಯಾ ಎಂದು ತಿಳಿಯದೆ ಅವನು ಮೆಟ್ಟಿಲಿಳಿದು ಹೋದ. ನಾನು ಪದ್ಮಜಳಿಗೆ ಫೋನು ಮಾಡಿ ಮೊಣಕಾಲು ವಾಸಿಯಾಯಿತು ಎಂದೆ. "ಇಂತ ತ್ವರಗಾನಾ? ಏ ಡಾಕ್ಟರ್?" ಎಂದಳು. ಇಷ್ಟು ಬೇಗ ಯಾವ ಡಾಕ್ಟರು ವಾಸಿ ಮಾಡಿದರು ಎಂದು. "ಮಾ ಅತ್ತಗಾರು" ಎಂದೆ.

ಶನಿವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಚೀಲ ಪೂರ್ತಿ ಒಣಗಿರಲಿಲ್ಲ. ಮಡಿಯಾಗಿದ್ದರಿಂದ ಈಗ ಅದಕ್ಕೆ ದೇವರ ಖೋಲಿಯ ಎದುರಿಗೂ ಜಾಗವಿತ್ತು. ಅತ್ತೆ ಹಳೆಯ ಹಸಿರಂಚಿನ ಅರಿವೆಯೊಂದರಲ್ಲಿ ರೊಟ್ಟಿ, ಶೇಂಗಾಹಿಂಡಿ ಕಟ್ಟಿ ಬಂದೂಕಿನ ಜೇಬಿಗೆ ತುರುಕಿದರು. ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಅವತ್ತು ಮಧ್ಯಾಹ್ನ ಆರು ಜನ ಹೆಂಗಸರು ಸೇರಿ ಹಲ್ಲಿನಿಂದ ಬಿಚ್ಚಬೇಕಾಯಿತು. ನಮ್ಮವರು ಸಿಕಂದರಾಬಾದಿನ ವರೆಗೂ ಬರುತ್ತೇನೆಂದರು. "ಬ್ಯಾಡ್ರಿ, ಕೂಡ್ರಿ" ಎಂದೆ. "ಬರ್ತೀನ್ರಿ ಅತ್ತ್ಯಾರ" ಎಂದು ಹೊಸ್ತಿಲು ದಾಟಿದೆ. ಮೆಟ್ಟಿಲಲ್ಲಿ ಮೂರನೆಯ ಅಂತಸ್ತಿನಾಕೆ ಎದುರಾಗಿ, ಪಾಪ, ಈ ಸಲ ಏನೂ ಕೇಳಲಿಲ್ಲ.

ವಿಕಾರಾಬಾದಿನಲ್ಲಿ ಗಾಡಿ ನಿಂತಿತು. ಐದು ಜನ ಇಳಿದರು, ಆರನೆಯವಳು ನಾನು. ಎಷ್ಟೋ ಸಲ ಕಿಟಕಿಯಿಂದ ನೋಡಿದ ಪ್ಲಾಟ್‌ಫಾರ್ಮು, ಅದರ ನೆಲ ಮೆಟ್ಟಿದ್ದು ಇದೇ ಮೊದಲು. ಗಾಡಿ ಬಿಟ್ಟಿತು. ಹತ್ತಬೇಕೆಂದು ನನ್ನ ಕಾಲು ಒಂದು ಹೆಜ್ಜೆ ತಾನಾಗಿಯೇ ಮುಂದಿಟ್ಟಿತು, ಪದ್ಮಜ ಚೀಲ ಹಿಡಿದು ಎಳೆದಳು. ಕೊನೆಯ ಬೋಗಿ ದಾಟಿದ ಮೇಲೆ ಹಳಿಯಾಚೆ ಗುಡ್ಡ ಕಾಣಿಸಿತು. ಅಪ್ಪ ಕೈ ಮಾಡಿ ತೋರಿಸುತ್ತಿದ್ದುದಕ್ಕಿಂತ ಹತ್ತಿರವಿತ್ತು. ಸೊಂಟದ ಪಟ್ಟಿ ಬಿಗಿದುಕೊಂಡೆ. ಹಸಿ ಇನ್ನೂ ಆರಿರಲಿಲ್ಲ, ಬಟ್ಟೆ ದಾಟಿ ಮೈಗೆ ತಣ್ಣಗೆ ತಾಗಿತು. ಮನೆಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಅತ್ತೆ ಎತ್ತಿಕೊಂಡರು.

"ಮುಟ್ಟಿದೇನು?"

"ಮುಟ್ಟೀನ್ರಿ."

"ಚೀಲ ಇನ್ನೂ ಹಸಿ ಅದ ಏನು?"

"ಸೊಂಟದ ಹತ್ರ ಅದರಿ."

"ಇರ್ಲಿ," ಎಂದರು ಅತ್ತೆ. "ನಡಕೋತ ಹೋಗು. ಒಣಗ್ತದ."